ಎಣ್ಣೆಗೂ ಶುದ್ಧ, ರಾಗಿಗೂ ಶುದ್ಧ, ನೀರಿಗೂ ಶುದ್ಧ: ಚೀಟಿಗೆ ಬೇರೆ ಪದವೇ ಇಲ್ಲವೇ?

ಚೀಟಿಬರಹ (ದಾವಣಗೆರೆ)

ಮಹಿಳಾ ಸಂಘದ ಮಳಿಗೆಯೊಂದಕ್ಕೆ, ಡಬ್ಬಿ-ಪೊಟ್ಟಣಗಳ ಮೇಲೆ ಅಂಟಿಸುವ ಹೊಸ ಚೀಟಿಗಳು ಅಚ್ಚಿಗೆ ಹೋಗಬೇಕು. ಸರಕು ಇಷ್ಟು: ಗಾಣದ ಶೇಂಗಾ ಎಣ್ಣೆ, ಬೆಣ್ಣೆ, ತುಪ್ಪ, ರಾಗಿ, ನವಣೆ ಅಕ್ಕಿ, ಮಂಡಕ್ಕಿ, ಶೇಂಗಾ ಚಟ್ನಿಪುಡಿ. ಕರಡಿನಲ್ಲಿ ಏಳಕ್ಕೂ ‘ಶುದ್ಧ’ ಅಂತಲೇ ಬರೆದಿದೆ. ಸಾಲಾಗಿ ಇಟ್ಟು ಓದಿದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಅಪ್ಪಟ, ಅಚ್ಚ, ಚೊಕ್ಕ, ಸ್ವಚ್ಛ, ನಿರ್ಮಲ, ತಾಜಾ... ಇವುಗಳಲ್ಲಿ ಯಾವುದು ಯಾವುದಕ್ಕೆ ಒಪ್ಪುತ್ತದೆ? ಕಾನೂನಿನ ತೊಡಕು ಇದ್ದರೆ ಅದನ್ನೂ ಹೇಳಿ.

ಒತ್ತಕ್ಷರ (ಚಿತ್ರದುರ್ಗ)

ಪದ ಹುಡುಕುವ ಮುಂಚೆ ಆ ವಸ್ತುವಿಗೆ ಅಂಟುವ ಕೇಡು ಯಾವುದು ಅಂತ ಕೇಳಿಕೊಳ್ಳಿ. ನೆಲಕ್ಕೆ ಕಸ, ಬಟ್ಟೆಗೆ ಕೊಳೆ, ಕಾಳಿಗೆ ಕಲ್ಲು-ಹೊಟ್ಟು, ನೀರಿಗೆ ಬಗ್ಗಡ, ಎಣ್ಣೆಗೆ ಬೆರಕೆ, ದೇವರ ಮುಂದಿನದಕ್ಕೆ ಎಂಜಲು-ಮೈಲಿಗೆ. ಕೇಡು ಒಂದೊಂದಕ್ಕೂ ಬೇರೆ, ಹಾಗಾಗಿ ಅದಿಲ್ಲದ ಸ್ಥಿತಿಗೂ ಬೇರೆ ಬೇರೆ ಮಾತು.

ಕಸ ಇಲ್ಲದ್ದು ಚೊಕ್ಕಟ, ಸ್ವಚ್ಛ. ಮನೆ ಚೊಕ್ಕಟ, ಅಂಗಳ ಚೊಕ್ಕಟ. ಎಣ್ಣೆ ಚೊಕ್ಕಟ ಅಂತ ಯಾರೂ ಅನ್ನುವುದಿಲ್ಲ. ‘ಚೊಕ್ಕ’ ಅಂತ ಮೊಟಕಾದಾಗ ಮಾತ್ರ ಚಿನ್ನಕ್ಕೂ ಸಲ್ಲುತ್ತದೆ.

ಬೆರಕೆ ಇಲ್ಲದ್ದು ಅಪ್ಪಟ, ಅಚ್ಚ, ಶುದ್ಧ. ಮೂರೂ ಒಂದೇ ಅನ್ನಿಸಿದರೂ ‘ಅಚ್ಚ’ ಬಣ್ಣದ ಕಡೆ, ಭಾಷೆಯ ಕಡೆ ವಾಲುತ್ತದೆ: ಅಚ್ಚ ಬಿಳುಪು, ಅಚ್ಚ ಹಸಿರು, ಅಚ್ಚ ಕನ್ನಡ. ‘ಅಚ್ಚ ಶೇಂಗಾ ಎಣ್ಣೆ’ ತಪ್ಪಲ್ಲ, ಆದರೆ ಅಂಗಡಿಯ ಮಾತಲ್ಲ. ಅಂಗಡಿಯ ಮಾತು ‘ಅಪ್ಪಟ’: ಅಪ್ಪಟ ರೇಷ್ಮೆ, ಅಪ್ಪಟ ಚಿನ್ನ, ಅಪ್ಪಟ ತುಪ್ಪ. ಬೈಗುಳಕ್ಕೂ ಅದು ಅಷ್ಟೇ ಸಲೀಸು. ಅಪ್ಪಟ ಸುಳ್ಳು, ಶುದ್ಧ ಸೋಮಾರಿ ಅನ್ನುತ್ತೇವೆ. ನಿರ್ಮಲ, ಪವಿತ್ರ ಇವೆರಡಕ್ಕೆ ಬೈಗುಳ ಅಂಟಿಲ್ಲ, ಆದರೂ ಡಬ್ಬಿಯ ಮೇಲೆ ಹಾಕಬೇಡಿ. ನಿರ್ಮಲ ಮನಸ್ಸಿಗೆ, ಆಕಾಶಕ್ಕೆ, ಪವಿತ್ರ ಪೂಜೆಗೆ.

ಕಾಳಿಗೆ ‘ಹಸನು’. ನೀರು, ಸಾರು, ಮಜ್ಜಿಗೆಗೆ ‘ತಿಳಿ’. ಬಟ್ಟೆಗೆ ‘ಶುಭ್ರ’. ಕೈ, ಪಾತ್ರೆ, ಅಡುಗೆಗೆ ‘ಶುಚಿ’. ಹೀಗೆ ಹಂಚಿದರೆ ನಿಮ್ಮ ಏಳು ಚೀಟಿಯಲ್ಲಿ ‘ಶುದ್ಧ’ ಎರಡೋ ಮೂರೋ ಕಡೆ ಉಳಿದೀತು.

ಅಂದಹಾಗೆ ಚೀಟಿಯ ಮೂಲೆಯಲ್ಲಿ ‘ನಿವ್ವಳ ತೂಕ’ ಅಂತ ಹಾಕುತ್ತೀರಲ್ಲ, ಆ ‘ನಿವ್ವಳ’ವೂ ಇದೇ ಬಳಗದ್ದು. ಡಬ್ಬಿ, ಚೀಲ ಕಳೆದು ಉಳಿದ ತೂಕ.

ಗಾಣದಕಟ್ಟೆ (ಚಳ್ಳಕೆರೆ)

ಎಣ್ಣೆ ಚೀಟೀಲಿ ‘ಶುದ್ಧ’ ಮತ್ತು ‘ಶುದ್ಧೀಕರಿಸಿದ’ ಅದಲುಬದಲಾದ್ರೆ ಗಿರಾಕಿ ಜಗಳಕ್ಕೇ ಬರ್ತಾನೆ ನೋಡ್ರಿ. ಶುದ್ಧ ಅಂದ್ರೆ ಬೇರೆ ಎಣ್ಣೆ ಬೆರೆತಿಲ್ಲ ಅಂತ. ಶುದ್ಧೀಕರಿಸಿದ ಅಂದ್ರೆ ರಿಫೈನ್ಡ್: ಅಂಟು ತೆಗೆದು, ಕಾಸ್ಟಿಕ್ ಸೋಡಾ ಹಾಕಿ ಹುಳಿ ತೆಗೆದು, ಬ್ಲೀಚಿಂಗ್ ಮಣ್ಣಲ್ಲಿ ಬಣ್ಣ ತೆಗೆದು, ಕೊನೆಗೆ 200 ಡಿಗ್ರಿಗಿಂತ ಮೇಲಿನ ಕಾವಲ್ಲಿ ಹಬೆ ಹಾಯಿಸಿ ವಾಸನೆ ತೆಗೆದದ್ದು. ಗಾಣದ ಎಣ್ಣೆಗೆ ಇದ್ಯಾವುದೂ ಆಗಿರಲ್ಲ. ಅದಕ್ಕೆ ಸರಿಯಾದ ಪದ ‘ಸೋಸಿದ’. ‘ಗಾಣದಲ್ಲಿ ತೆಗೆದು ಸೋಸಿದ ಶೇಂಗಾ ಎಣ್ಣೆ’ ಅಂತ ಬರೀರಿ, ತಕರಾರೇ ಇರಲ್ಲ.

ಸೋಸೋದು ಅಂದ್ರೆ ಬಟ್ಟೇಲಿ ಒಂದ್ಸಲ ಬಗ್ಗಿಸಿಬಿಡೋದಲ್ಲ. ಗಾಣದಿಂದ ಇಳಿದ ಎಣ್ಣೆ ಮಬ್ಬಾಗಿರುತ್ತೆ. ಸ್ಟೀಲ್ ಡ್ರಮ್ಮಲ್ಲಿ ಎರಡು-ಮೂರು ದಿನ ಅಲ್ಲಾಡಿಸದೆ ಬಿಡಬೇಕು, ಗಸಿ ತಳಕ್ಕೆ ಕೂರುತ್ತೆ. ಡ್ರಮ್ಮಿನ ನಲ್ಲಿ ತಳಕ್ಕೇ ಇರಬಾರದು, ಎರಡು-ಮೂರು ಇಂಚು ಮೇಲಿರಬೇಕು. ಮೇಲಿನ ತಿಳಿ ಎಣ್ಣೆ ಮಾತ್ರ ಬಿಟ್ಕೊಂಡು, ಆಮೇಲೆ ದಪ್ಪ ಹತ್ತಿ ಬಟ್ಟೇಲಿ ಸೋಸಬೇಕು. ಅವಸರ ಮಾಡಿ ಮೊದಲ ದಿನವೇ ತುಂಬಿದ್ರೆ ಗಸಿ ಬಾಟ್ಲಿ ತಳದಲ್ಲಿ ಕೂರುತ್ತೆ. ಆ ಗಸೀಲಿ ಹಿಂಡಿಯ ಪುಡಿ ಮತ್ತು ತೇವ ಎರಡೂ ಇರ್ತಾವೆ, ಅಲ್ಲಿಂದಲೇ ಕಮಟು ಶುರು. ಬಾಣಲೇಲಿ ನೊರೆ ಏಳೋದೂ, ತಳ ಕಪ್ಪಾಗೋದೂ ಅದರಿಂದಲೇ.

ಬೇಗ ತಿಳಿಯಾಗಲಿ ಅಂತ ಪಾರದರ್ಶಕ ಬಾಟ್ಲಿ ಬಿಸಿಲಿಗಿಡೋರು ಅದಾರೆ. ಗಸಿ ಬೇಗ ಕೂರುತ್ತೆ ನಿಜ, ಬೆಳಕಿಗೆ ಎಣ್ಣೆ ಕೆಡೋದೂ ಬೇಗ.

ಇನ್ನೊಂದು. ಬೀಜ ಆರಿಸದೆ ‘ಅಪ್ಪಟ’ ಅಂತ ಹಾಕಬೇಡ್ರಿ. ಬೂಷ್ಟು ಹಿಡಿದ, ಕಪ್ಪಾದ, ಸುಕ್ಕಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಆಸ್ಪರ್ಜಿಲಸ್ ಅನ್ನೋ ಬೂಷ್ಟಿನದು. ರಿಫೈನ್ ಮಾಡುವಾಗ ಕಾಸ್ಟಿಕ್ ಮತ್ತು ಬ್ಲೀಚಿಂಗ್ ಹಂತದಲ್ಲಿ ಅದು ಬಹುಪಾಲು ಹೋಗುತ್ತೆ. ಗಾಣದಲ್ಲಿ ಹೋಗಲ್ಲ, ಸೋಸಿದ್ರೂ ಹೋಗಲ್ಲ. ಬೇರೆ ಎಣ್ಣೆ ಒಂದು ಹನಿ ಬೆರೆಸದಿದ್ರೂ ಆ ಎಣ್ಣೆ ತಿನ್ನೋಕೆ ಬರಲ್ಲ. ಹಂಗಾಗಿ ಗಾಣಕ್ಕೆ ಹಾಕೋ ಮುಂಚೆ ಕೈಯಿಂದ ಆರಿಸಲೇಬೇಕು.

ಲೆಕ್ಕಕ್ಕೆ: 1 ಲೀಟರ್ ಎಣ್ಣೆಗೆ ಸುಮಾರು 2.5 ಕೆ.ಜಿ. ಶೇಂಗಾಬೀಜ ಬೇಕು. ಲೀಟರ್ ಎಣ್ಣೆ ತೂಗೋದು ಸುಮಾರು 910 ಗ್ರಾಂ, ಕೆ.ಜಿ. ಅಲ್ಲ. ಚೀಟೀಲಿ ಲೀಟರ್ ಜೊತೆ ಗ್ರಾಮೂ ಹಾಕ್ರಿ. ಬರೇ ಬೀಜದ ಬೆಲೆ ಗುಣಿಸಿ ನೋಡಿದ್ರೂ ಸಂತೇಲಿ ಅಗ್ಗಕ್ಕೆ ಸಿಗೋ ‘ಅಪ್ಪಟ ಗಾಣದೆಣ್ಣೆ’ ಎಷ್ಟು ಅಪ್ಪಟ ಅಂತ ಗೊತ್ತಾಗುತ್ತೆ.

ಸಜ್ಜೆರೊಟ್ಟಿ (ಹರಪನಹಳ್ಳಿ ರಸ್ತೆ)

ಕಮಟು ಅಂದಿರಲ್ಲ ಅಣ್ಣಾ, ಆ ಪದ ಈಗಿನ ಚೀಟಿಗಳಲ್ಲಿ ಕಾಣೋದೇ ಇಲ್ಲ. ಎಲ್ಲದಕ್ಕೂ ‘ಹಾಳಾಗುತ್ತದೆ’ ಒಂದೇ. ನಮ್ಮ ಕಡೆ ಅನ್ನ ಹಳಸುತ್ತೆ, ಹಾಲು ಒಡೆಯುತ್ತೆ, ಬೆಣ್ಣೆ-ಎಣ್ಣೆ ಕಮಟಾಗುತ್ತೆ, ಹಿಟ್ಟು ಮುಗ್ಗುತ್ತೆ, ಕಾಳಿಗೆ ಹುಳ ಬೀಳುತ್ತೆ, ಹಣ್ಣು ಕೊಳೆಯುತ್ತೆ, ಉಪ್ಪಿನಕಾಯಿಗೆ ಬೂಷ್ಟು ಬರುತ್ತೆ, ಮಂಡಕ್ಕಿ ಮೆತ್ತಗಾಗುತ್ತೆ. ಯಾವುದು ಹೇಗೆ ಕೆಡುತ್ತೆ ಅಂತ ಆ ಕ್ರಿಯಾಪದವೇ ಹೇಳಿಬಿಡುತ್ತೆ. ‘ಮುಗ್ಗದಂತೆ ಒಣಜಾಗದಲ್ಲಿಡಿ’ ಅಂತ ಹಿಟ್ಟಿನ ಚೀಟೀಲಿ ಬರೆದ್ರೆ ಅಜ್ಜಿಗೂ ಗೊತ್ತಾಗುತ್ತೆ.

ಪರವಾನಗಿ (ದಾವಣಗೆರೆ)

ಕಾನೂನಿನ ಕಡೆಯಿಂದ ಕೆಲವು ಮಾತು.

ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದಲ್ಲಿ ಶುದ್ಧ, ನೈಸರ್ಗಿಕ, ತಾಜಾ, ಅಸಲಿ, ಸಾಂಪ್ರದಾಯಿಕ ಇಂಥ ಪದಗಳನ್ನು ಯಾವಾಗ ಬಳಸಬಹುದು ಅಂತ ಷರತ್ತು ಹಾಕಿದ್ದಾರೆ. ‘ಶುದ್ಧ’ ಹಾಕಬೇಕಾದರೆ ಅದು ಒಂದೇ ಪದಾರ್ಥದ ಆಹಾರ ಆಗಿರಬೇಕು, ಅದಕ್ಕೆ ಏನೂ ಸೇರಿಸಿರಬಾರದು, ತಪ್ಪಿಸಬಹುದಾದ ಕಲ್ಮಶ ಇರಬಾರದು. ಎಣ್ಣೆ, ತುಪ್ಪ, ರಾಗಿಗೆ ಇದು ಹೊಂದುತ್ತದೆ. ಚಟ್ನಿಪುಡಿಗೆ ಹೊಂದುವುದಿಲ್ಲ. ಅದರಲ್ಲಿ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಎಲ್ಲ ಇವೆ, ಹಾಗಾಗಿ ‘ಶುದ್ಧ ಚಟ್ನಿಪುಡಿ’ ಅನ್ನುವಂತಿಲ್ಲ. ಎಲ್ಲ ಪದಾರ್ಥವೂ ಆ ಷರತ್ತಿಗೆ ಒಪ್ಪಿದರೆ ‘ಶುದ್ಧ ಪದಾರ್ಥಗಳಿಂದ ಮಾಡಿದ್ದು’ ಅನ್ನಬಹುದು.

‘ತಾಜಾ’ ಇನ್ನೂ ಬಿಗಿ. ತೊಳೆದು, ಸುಲಿದು, ಕತ್ತರಿಸಿ, ತಂಪು ಮಾಡಿದ್ದಕ್ಕಿಂತ ಹೆಚ್ಚಿನ ಸಂಸ್ಕರಣೆ ಆಗಿರಬಾರದು. ತರಕಾರಿಗೆ ಸರಿ, ಕಡೆದ ಬೆಣ್ಣೆಗೆ ಬೇಡ. ತಯಾರಿಸಿದ ದಿನಾಂಕ ಎದ್ದುಕಾಣುವಂತೆ ಹಾಕಿ, ತಾಜಾ ಹೌದೋ ಅಲ್ಲವೋ ಗಿರಾಕಿಯೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಎಣ್ಣೆ ಡಬ್ಬಿಯ ಮೇಲೆ ಡಬಲ್ ರಿಫೈನ್ಡ್, ಅಲ್ಟ್ರಾ ರಿಫೈನ್ಡ್, ಕೊಲೆಸ್ಟರಾಲ್ ವಿರೋಧಿ ಅನ್ನುವಂಥ ಉತ್ಪ್ರೇಕ್ಷೆಗೆ ನಿಷೇಧವೇ ಇದೆ. ‘ಶೇ. 100’ ಅಂತಲೂ ಹಾಕಬೇಡಿ. 2024ರಲ್ಲಿ ಹಣ್ಣಿನ ರಸದ ಪೊಟ್ಟಣಗಳಿಂದ ಅದನ್ನು ತೆಗೆಸಿದರು.

ಬಹಳ ಜನಕ್ಕೆ ಗೊತ್ತಿರದ ಸಂಗತಿ: ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಲೇಬೇಕು. ಕನ್ನಡ ಅದರ ಜೊತೆಗೆ ಎಷ್ಟು ಬೇಕಾದರೂ ಇರಲಿ, ಕನ್ನಡ ಮಾತ್ರ ಇದ್ದರೆ ಸಾಲದು. ಎರಡು ಭಾಷೆಯಲ್ಲಿ ಎರಡು ಮಾತು ಇರುವಂತಿಲ್ಲ. ಕನ್ನಡದಲ್ಲಿ ‘ಅಪ್ಪಟ’ ಅಂತ ಬರೆದರೆ ‘ಶುದ್ಧ’ದ ಷರತ್ತು ಅದಕ್ಕೂ ಬರುತ್ತದೆ. ಪದ ಬದಲಾಯಿಸಿ ನುಣುಚಿಕೊಳ್ಳಲು ಆಗುವುದಿಲ್ಲ.

ಬೆಣ್ಣೆಮುದ್ದೆ (ದಾವಣಗೆರೆ)

ಬೆಣ್ಣೆಗೆ ‘ಅಚ್ಚ ಬಿಳಿ’ ಅಂತ ಹಾಕುವ ಚಪಲ ಎಲ್ಲರಿಗೂ ಇರುತ್ತದೆ. ನಮ್ಮೂರ ದೋಸೆ ಮೇಲೆ ಇಡುವುದೂ ಬಿಳಿ ಬೆಣ್ಣೆಯೇ. ಆದರೆ ಬಿಳುಪು ಶುದ್ಧತೆಯ ಗುರುತಲ್ಲ. ಎಮ್ಮೆ ಹಾಲಿನ ಬೆಣ್ಣೆ ಬಿಳಿ, ಆಕಳ ಹಾಲಿನದ್ದು ಹಳದಿ ಛಾಯೆ, ಅಷ್ಟೇ. ಡಾಲ್ಡಾ ಥರದ ವನಸ್ಪತಿಯೂ ಬಿಳಿಯೇ.

ಬೆಣ್ಣೆಯಲ್ಲಿ ನೋಡಬೇಕಾದ್ದು ಮೂರು: ನೀರು, ಮಜ್ಜಿಗೆ, ಬೆರಕೆ. ಕಡೆದು ತೆಗೆದ ಮುದ್ದೆಯೊಳಗೆ ಮಜ್ಜಿಗೆ ಸಿಕ್ಕಿಕೊಂಡಿರುತ್ತದೆ. ಅದು ಉಳಿದರೆ ಎರಡೇ ದಿನಕ್ಕೆ ಹುಳಿ, ಆಮೇಲೆ ಕಮಟು. ಐಸ್ ಹಾಕಿದ ತಣ್ಣೀರಲ್ಲಿ ಮುದ್ದೆಯನ್ನು ಬಿಡಿಸಿ, ಹಿಚುಕಿ ತೊಳೆಯಬೇಕು. ಮೊದಲ ನೀರು ಹಾಲಿನ ಹಾಗೆ ಬರುತ್ತದೆ, ಎರಡನೆಯದು ಮಬ್ಬು, ಸಾಮಾನ್ಯವಾಗಿ ಮೂರನೆಯದು ತಿಳಿ. ನೀರು ತಿಳಿಯಾಗುವವರೆಗೆ ತೊಳೆಯಿರಿ, ಆಮೇಲೆ ನಿಲ್ಲಿಸಿ. ಬಿಸಿಲು ಹೊತ್ತಲ್ಲಿ ಕೊಳಾಯಿ ನೀರಲ್ಲೇ ತೊಳೆದರೆ ಬೆಣ್ಣೆ ಕರಗಿ ಜಾರಿ, ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತೊಳೆದ ಮೇಲೆ ಮರದ ಹಲಗೆ ಮೇಲೆ ಒತ್ತಿ ನೀರಿನ ಹನಿ ಹೊರಗೆ ಹಾಕಿ.

ನೀರು ಎಷ್ಟಿದೆ ಅಂತ ತಿಳಿಯಲು ಕಾಯಿಸುವುದೇ ದಾರಿ. ನಿಯಮದ ಪ್ರಕಾರ ಅಡುಗೆಯ ಬಿಳಿ ಬೆಣ್ಣೆಯಲ್ಲಿ ಕನಿಷ್ಠ ಶೇ. 76ರಷ್ಟು ಹಾಲಿನ ಕೊಬ್ಬು ಇರಬೇಕು, ಟೇಬಲ್ ಬೆಣ್ಣೆಯಲ್ಲಿ ಶೇ. 80. ಅಂದರೆ 1 ಕೆ.ಜಿ. ಬೆಣ್ಣೆ ಕಾಯಿಸಿದರೆ 720ರಿಂದ 780 ಗ್ರಾಂ ತುಪ್ಪ ಸಿಗಬೇಕು. 650ಕ್ಕೆ ಇಳಿದರೆ ನೀವು ದುಡ್ಡು ಕೊಟ್ಟದ್ದು ನೀರಿಗೆ.

ಹಿಟ್ಟು, ಆಲೂಗಡ್ಡೆ ಬೆರಕೆಯ ಅನುಮಾನ ಬಂದರೆ ಒಂದು ಚಮಚ ಬೆಣ್ಣೆಯನ್ನು ಬಿಸಿನೀರಲ್ಲಿ ಕರಗಿಸಿ, ಪೂರ್ತಿ ಆರಿಸಿ, ಟಿಂಚರ್ ಅಯೋಡಿನ್ ಎರಡು-ಮೂರು ಹನಿ ಬಿಡಿ. ನೀಲಿ ಬಂದರೆ ಪಿಷ್ಟ ಇದೆ. ಬಿಸಿ ಇರುವಾಗಲೇ ಹಾಕಿದರೆ ಬಣ್ಣ ಬರುವುದಿಲ್ಲ, ‘ಶುದ್ಧ’ ಅಂತ ಮೋಸ ಹೋಗುತ್ತೀರಿ.

ವನಸ್ಪತಿಯನ್ನು ಹಿಡಿಯಲು ಬೊಡೌಯಿನ್ ಪರೀಕ್ಷೆ ಇದೆ. ಗುರುತು ಸಿಗಲಿ ಅಂತಲೇ ವನಸ್ಪತಿಗೆ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸುವ ನಿಯಮ ಮಾಡಿದ್ದು. ಕರಗಿಸಿದ ಬೆಣ್ಣೆ ಅಥವಾ ತುಪ್ಪಕ್ಕೆ ಅಷ್ಟೇ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ, ಚಿಟಿಕೆ ಸಕ್ಕರೆ ಹಾಕಿ ಒಂದು ನಿಮಿಷ ಕುಲುಕಿ ಐದು ನಿಮಿಷ ಬಿಟ್ಟರೆ ಕೆಳಗಿನ ಆಮ್ಲದ ಪದರ ಕೆಂಪಾಗುತ್ತದೆ. ಆಮ್ಲ ಕೈಗೆ ಕಣ್ಣಿಗೆ ಅಪಾಯ, ಮನೆಯಲ್ಲಿ ಬೇಡ, ಪ್ರಯೋಗಾಲಯಕ್ಕೆ ಕೊಡಿ. ಕೆಂಪಾಗಲಿಲ್ಲ ಅಂದರೆ ಎಳ್ಳೆಣ್ಣೆ ಇಲ್ಲ ಅಂತ ಮಾತ್ರ ಅರ್ಥ. ತಾಳೆಎಣ್ಣೆ ನೇರವಾಗಿ ಬೆರೆಸಿದ್ದರೆ ಈ ಪರೀಕ್ಷೆಗೆ ಸಿಗುವುದೇ ಇಲ್ಲ.

ಚೀಟಿಬರಹ (ದಾವಣಗೆರೆ)

ಹಾಗಾದರೆ ಬೆಣ್ಣೆಗೆ ‘ಮೀಸಲು ಬೆಣ್ಣೆ’ ಅಂತ ಹಾಕಿದರೆ? ಕೇಳಲು ಚೆನ್ನಾಗಿದೆ, ಯಾರೂ ಮುಟ್ಟದ್ದು ಅನ್ನುವ ಭಾವವೂ ಬರುತ್ತದೆ.

ಒತ್ತಕ್ಷರ (ಚಿತ್ರದುರ್ಗ)

ಬೇಡ. ಮೀಸಲು ಅಂದರೆ ದೇವರಿಗೆ ಅಂತ ಮೊದಲೇ ತೆಗೆದಿಟ್ಟದ್ದು. ಯಾರೂ ರುಚಿ ನೋಡಿರಬಾರದು, ಅದರಿಂದ ಬೇರೆಯವರಿಗೆ ಕೊಟ್ಟಿರಬಾರದು. ಮಾರಾಟಕ್ಕೆ ಇಟ್ಟ ಕ್ಷಣವೇ ಮೀಸಲು ಮುರಿಯಿತು. ದನ-ಕುರಿ ಸಾಕುವ ಹಟ್ಟಿಗಳಲ್ಲಿ ಮೀಸಲು ಹಾಲು, ಮೀಸಲು ತುಪ್ಪ ಈಗಲೂ ನಡೆಯುವ ಆಚಾರ. ಅಂಥವರ ಕೈಗೆ ‘ಮೀಸಲು ಬೆಣ್ಣೆ 200 ಗ್ರಾಂ’ ಪೊಟ್ಟಣ ಸಿಕ್ಕರೆ ನಗುತ್ತಾರೆ, ಇಲ್ಲವೇ ಬೇಜಾರು ಮಾಡಿಕೊಳ್ಳುತ್ತಾರೆ.

‘ಮಡಿ’ಯೂ ಅಷ್ಟೇ. ಒಗೆದು ಒಣಗಿಸಿದ ಬಟ್ಟೆಗೆ ‘ಮಡಿ ಬಟ್ಟೆ’ ಅನ್ನುವುದು ದಿನಬಳಕೆ, ಅದರಲ್ಲಿ ಯಾರಿಗೂ ನೋವಿಲ್ಲ. ‘ಮಡಿಯಿಂದ ಮಾಡಿದ ಚಟ್ನಿಪುಡಿ’ ಅಂದಾಗ ಮಾತ್ರ ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅನ್ನುವ ಹಳೆಯ ಲೆಕ್ಕ ಒಳಗೆ ಬರುತ್ತದೆ. ನೀವು ಹೇಳಬೇಕಾದ್ದು ಕೈ ತೊಳೆದು, ತಲೆಗೆ ಟೋಪಿ ಹಾಕಿ ಮಾಡಿದ್ದೇವೆ ಅಂತ ತಾನೇ? ಅದಕ್ಕೆ ‘ಶುಚಿಯಾಗಿ ತಯಾರಿಸಿದ್ದು’ ಸಾಕು.

ಮೊರ-ಜರಡಿ (ಜಗಳೂರು)

ರಾಗಿ, ನವಣೆ ಬಗ್ಗೆ ಯಾರೂ ಮಾತೇ ಆಡ್ಲಿಲ್ವಲ್ರಿ.

‘ಹಸನು ಮಾಡಿದ ರಾಗಿ’ ಅಂತ ಹಾಕ್ರಿ, ಹಾಕಿದ ಮೇಲೆ ಹಸನಾಗೇ ಇರಲಿ. ಒಂದೊಂದು ಕೆಲಸ ಒಂದೊಂದು ಕಸ ತೆಗೀತೈತೆ. ಗಾಳಿಗೆ ತೂರಿದ್ರೆ ಹೊಟ್ಟು ಹಾರ್ತದೆ. ಜರಡಿ ಹಿಡಿದ್ರೆ ಮಣ್ಣು, ಪುಡಿಕಾಳು ಕೆಳಗೆ ಬೀಳ್ತದೆ, ಕಡ್ಡಿ-ಹೆಂಟೆ ಮೇಲೆ ಉಳೀತದೆ. ಮೊರದಲ್ಲಿ ಕೇರಿದ್ರೆ ಜೊಳ್ಳು ಮುಂದಕ್ಕೆ ಬರ್ತದೆ, ತೂಕದ ಕಾಳು ಹಿಂದೆ ನಿಲ್ತದೆ. ಇಷ್ಟಾದ್ರೂ ಕಾಳಿನಷ್ಟೇ ದಪ್ಪ ಇರೋ ಕಲ್ಲು ಹೋಗಲ್ಲ, ಅದಕ್ಕೆ ನೀರಲ್ಲಿ ಜಾಲಿಸ್ಬೇಕು: ಪಾತ್ರೇಲಿ ನೀರು ಹಾಕಿ ಓರೆ ಮಾಡಿ ಅಲ್ಲಾಡಿಸ್ತಾ ಕಾಳನ್ನ ಸ್ವಲ್ಪ ಸ್ವಲ್ಪ ಇನ್ನೊಂದು ಪಾತ್ರೆಗೆ ಬಿಡೋದು. ಕಲ್ಲು ಭಾರ, ತಳದಲ್ಲೇ ಕೂರ್ತದೆ. ಕೊನೇ ಒಂದು ಹಿಡಿ ಕಾಳು ಯಾವಾಗ್ಲೂ ಕೋಳಿಗೆ. ಅದನ್ನೂ ಉಳಿಸ್ತೀನಿ ಅಂತ ಸುರಿದ್ರೆ ಮುದ್ದೇಲಿ ಕಲ್ಲು ಕಟಕಟ ಅಂತದೆ.

ಜಾಲಿಸಿದ್ದನ್ನ ಸರಿಯಾಗಿ ಒಣಗಿಸ್ದೆ ಚೀಲಕ್ಕೆ ತುಂಬೋದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೇಲೆ ಮುಟ್ಟಿದ್ರೆ ಒಣಗಿರ್ತದೆ, ಒಳಗೆ ತೇವ ಇರ್ತದೆ, ವಾರದಲ್ಲಿ ಮುಗ್ಗು. ತೆಳ್ಳಗೆ ಹರವಿ, ಗಂಟೆಗೊಂದ್ಸಲ ಕೈಯಾಡಿಸ್ತಾ ಎರಡು ಬಿಸಿಲು ಒಣಗಿಸ್ರಿ. ಹಲ್ಲಲ್ಲಿ ಕಚ್ಚಿದ್ರೆ ಕಟ್ ಅನ್ಬೇಕು, ಮೆತ್ತಗೆ ಚಪ್ಪಟೆಯಾಗ್ಬಾರ್ದು. ತೇವ ನೋಡೋ ಮೀಟರ್ ಇದ್ರೆ ಶೇ. 12ರ ಒಳಗೆ ಇರ್ಲಿ. ಶೇಂಗಾಕಾಯಿಗೆ ಇನ್ನೂ ಕಡಿಮೆ, ಶೇ. 8. ಕಾಯಿ ಅಲ್ಲಾಡಿಸಿದ್ರೆ ಬೀಜ ಗಲಗಲ ಅನ್ನಬೇಕು.

ಮಂಡಕ್ಕಿಗೂ ‘ಹಸನು’ ನಡೀತದೆ. ಭಟ್ಟೀಲಿ ಬಿಸಿ ಮರಳಲ್ಲಿ ಹುರೀತಾರಲ್ಲ, ಜರಡಿ ಸರಿಯಾಗಿ ಆಡಿಸ್ದಿದ್ರೆ ತಳದಲ್ಲಿ ಮರಳು ಸಿಗ್ತದೆ. ಆದ್ರೆ ಮಂಡಕ್ಕಿ ಕೊಳ್ಳೋರು ಮೊದಲು ಕೇಳೋದು ಗರಿಗರಿ ಐತಾ ಅಂತ. ಗಾಳಿ ಆಡದ ಚೀಲಕ್ಕೆ ತುಂಬ್ರಿ, ‘ಗರಿಗರಿ ಮಂಡಕ್ಕಿ’ ಅಂತ ಹಾಕ್ರಿ, ಮುಗೀತು.

ನೀರಗಂಟಿ (ಹಿರಿಯೂರು)

ನೀರು ಇವರ ಮಳಿಗೆಯ ಸರಕಲ್ಲ, ಆದರೆ ಶೀರ್ಷಿಕೆಯಲ್ಲಿ ಬಂದಿದೆ. ಈ ಪದಗಳು ನಿಜವಾಗಿ ಮೋಸ ಮಾಡುವುದು ನೀರಿನಲ್ಲೇ.

ತಿಳಿನೀರು, ಸಿಹಿನೀರು, ಶುದ್ಧ ನೀರು ಇವು ಮೂರು ಬೇರೆ ಸಂಗತಿ. ತಿಳಿ ಅಂದರೆ ಗಸಿ ಕೂತು ತಳ ಕಾಣುವ ನೀರು, ಕಣ್ಣಿನ ಲೆಕ್ಕ. ಸಿಹಿ ಅಂದರೆ ಸವಳಲ್ಲದ್ದು, ನಾಲಿಗೆಯ ಲೆಕ್ಕ. ದುರ್ಗದಲ್ಲಿ ಒಂದು ಹೊಂಡಕ್ಕೆ ಸಿಹಿನೀರು ಹೊಂಡ ಅಂತಲೇ ಹೆಸರಿದೆ. ಶುದ್ಧ ಅನ್ನುವುದು ಕಣ್ಣಿಗೂ ನಾಲಿಗೆಗೂ ಸಿಗುವುದಿಲ್ಲ, ಅದು ಪರೀಕ್ಷೆಯ ಲೆಕ್ಕ.

ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರು ಗಾಜಿನ ಲೋಟಕ್ಕೆ ಹಾಕಿದರೆ ಫಳಫಳ ತಿಳಿ, ರುಚಿಯೂ ಸರಿ, ಒಳಗೆ ಫ್ಲೋರೈಡ್. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಇದ್ದರೆ ಒಪ್ಪಿಗೆ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಅದಕ್ಕೂ ಮೇಲಿನ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ, ಇನ್ನೂ ಹೆಚ್ಚಾದರೆ ಮೂಳೆ-ಕೀಲು ಬಿಗಿತ. ಫ್ಲೋರೈಡ್ ಬರುವುದು ಬಂಡೆಯ ಖನಿಜದಿಂದ. ಅದೇ ವಾಣಿವಿಲಾಸ ಸಾಗರದ ನೀರೋ ಸೂಳೆಕೆರೆಯ ನೀರೋ ಮಳೆಗಾಲದಲ್ಲಿ ಕೆಂಪಗೆ ಬಗ್ಗಡ ಬರಬಹುದು, ಫ್ಲೋರೈಡ್ ಮಾತ್ರ ಕಡಿಮೆ. ಬಗ್ಗಡ ತೆಗೆಯುವುದು ಸುಲಭ, ಕರಗಿದ್ದನ್ನು ತೆಗೆಯುವುದು ಕಷ್ಟ.

‘ಕುದಿಸಿ ಕುಡಿಯಿರಿ’ ರೋಗಾಣುವಿಗೆ ಸರಿ, ಫ್ಲೋರೈಡಿಗೆ ಉಲ್ಟಾ. ಲೀಟರಿಗೆ 1.5 ಮಿ.ಗ್ರಾಂ ಇರುವ 10 ಲೀಟರ್ ನೀರು ಕುದಿದು 9 ಲೀಟರಿಗೆ ಇಳಿದರೆ ಅದು ಸುಮಾರು 1.67 ಆಗುತ್ತದೆ. ನೀರು ಹಬೆಯಾಗಿ ಹೋಯಿತು, ಫ್ಲೋರೈಡ್ ಅಲ್ಲೇ ಉಳಿಯಿತು.

ಹಳ್ಳಿಗಳಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ ಅಂತ ಫಲಕ ಇರುವ, ನೀರನ್ನು ಒತ್ತಡದಲ್ಲಿ ತೆಳು ಪೊರೆಯ ಮೂಲಕ ಹಾಯಿಸುವ ಆರ್‌ಒ ಘಟಕಗಳು ಈ ಕೆಲಸ ಮಾಡುತ್ತವೆ, ನಿರ್ವಹಣೆ ಇದ್ದರೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಲ್ಲಿ ಒಳಬರುವ ನೀರು 1200 ಇದ್ದು ಹೊರಬರುವುದು 80 ಇದ್ದರೆ ಸರಿ. ಅದು ತಿಂಗಳಿಂದ ತಿಂಗಳಿಗೆ ಏರುತ್ತಾ ಒಳನೀರಿನ ಹತ್ತನೇ ಒಂದು ಭಾಗ ದಾಟಿದರೆ ಆ ಪೊರೆ (ಮೆಂಬ್ರೇನ್) ಸವೆದಿದೆ, ಇಲ್ಲವೇ ಒಳಗಿನ ರಬ್ಬರ್ ಉಂಗುರ ಸೋರುತ್ತಿದೆ. ಟಿಡಿಎಸ್ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಅದಕ್ಕೆ ಬಣ್ಣದ ಕಿಟ್ ಇದೆ: ಜಿರ್ಕೋನಿಯಂ-ಅಲಿಜರಿನ್ ದ್ರಾವಣ ಹಾಕಿದಾಗ ಗುಲಾಬಿ ಉಳಿದರೆ ಕಡಿಮೆ, ಹಳದಿಗೆ ತಿರುಗಿದಷ್ಟೂ ಹೆಚ್ಚು.

ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಹಾಗಾಗಿ ಘಟಕದಿಂದ ಶುದ್ಧವಾಗಿ ಬಂದ ನೀರು ಲೋಳೆ ಕಟ್ಟಿದ ಕ್ಯಾನಿನಲ್ಲಿ ಕೆಡುತ್ತದೆ. 20 ಲೀಟರ್ ಕ್ಯಾನನ್ನು ಬರೀ ಗಲಬರಿಸಿದರೆ ಆಗದು. ವಾರಕ್ಕೊಮ್ಮೆ ಉದ್ದ ಬ್ರಷ್ ಹಾಕಿ ಉಜ್ಜಿ, ಬಿಸಿಲಲ್ಲಿ ಬೋರಲು ಹಾಕಿ ಒಣಗಿಸಬೇಕು. ಬಾಯಿಯ ಕತ್ತಿನ ಒಳಮಗ್ಗುಲಲ್ಲಿ ಬೆರಳಾಡಿಸಿ ನೋಡಿ, ಲೋಳೆ ಮೊದಲು ಕೂರುವುದು ಅಲ್ಲೇ.

ಸಜ್ಜೆರೊಟ್ಟಿ (ಹರಪನಹಳ್ಳಿ ರಸ್ತೆ)

ಹಿಂದೆ ಬಾವಿ-ಕೆರೆ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕ್ತಿದ್ರಲ್ಲ, ನಿರ್ಮಲಿ ಅಂತಲೂ ಅಂತಾರೆ. ಅದರಿಂದ ನೀರು ನಿರ್ಮಲ ಆಗ್ತಿತ್ತಲ್ವಾ? ಅದು ಸಾಕಾಗಲ್ವಾ?

ನೀರಗಂಟಿ (ಹಿರಿಯೂರು)

ತಿಳಿ ಆಗುತ್ತಿತ್ತು, ಅಷ್ಟೇ. ಚಿಲ್ಲದ ಬೀಜ, ನುಗ್ಗೆ ಬೀಜ, ಪಟಿಕ ಮೂರರದ್ದೂ ಒಂದೇ ಕೆಲಸ. ನೀರಲ್ಲಿ ತೇಲುವ ಸಣ್ಣ ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಭಾರ ಮಾಡಿ ಕೂರಿಸುವುದು. ಮನೆಯ ಬಳಕೆಗೆ ಪಟಿಕದ ಗಡ್ಡೆಯನ್ನು ನೀರಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು. 20 ಲೀಟರಿಗೆ 1 ಗ್ರಾಂ ದಾಟಬೇಡಿ, ಒಗರು ಬರುತ್ತದೆ. ಅರ್ಧ ಗಂಟೆ ಬಿಟ್ಟು ಮೇಲಿನ ನೀರನ್ನು ಮಾತ್ರ ಬಗ್ಗಿಸಿಕೊಳ್ಳಿ. ಆಮೇಲೆ ಕ್ಲೋರಿನ್. ಮೊದಲೇ ಕ್ಲೋರಿನ್ ಹಾಕಿದರೆ ಅದು ಬಗ್ಗಡದ ಕೊಳೆಯ ಮೇಲೆ ಖರ್ಚಾಗಿ ರೋಗಾಣುವಿಗೆ ಉಳಿಯುವುದಿಲ್ಲ. ಅರ್ಧ ಗಂಟೆಯ ಮೇಲೂ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು.

ಮನೆಯಲ್ಲಿ ಪಟಿಕ ತಿರುಗಿಸಿದ್ದರಿಂದ ಫ್ಲೋರೈಡ್ ಹೋಯಿತು ಅಂತ ತಿಳಿಯಬೇಡಿ. ಪಟಿಕ-ಸುಣ್ಣ ಸೇರಿಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನ ಇದೆ. ಅದಕ್ಕೆ ಪಟಿಕ ಇದರ ಎಷ್ಟೋ ಪಟ್ಟು ಬೇಕು, ಅಳತೆ ನೀರಿನ ಪರೀಕ್ಷೆ ನೋಡಿ ಹಾಕಬೇಕು.

ಇಸ್ತ್ರಿಪೆಟ್ಟಿಗೆ (ದಾವಣಗೆರೆ)

ಬಟ್ಟೆಗೆ ‘ಶುಭ್ರ’ ಅಂದಿರಿ. ಗಡಸು ನೀರಲ್ಲಿ ಸೋಪು ಹಾಕಿ ಎಷ್ಟು ಉಜ್ಜಿದರೂ ಬಿಳಿ ಪಂಚೆ ಶುಭ್ರ ಆಗುವುದಿಲ್ಲ, ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆ ಅಲ್ಲ. ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಆದ ಜಿಗುಟು ನೂಲಿಗೆ ಅಂಟಿರುತ್ತದೆ. ನೀರಿಗೆ ಮೊದಲೇ ವಾಷಿಂಗ್ ಸೋಡಾ ಹಾಕಿ ಹತ್ತು ನಿಮಿಷ ಬಿಟ್ಟು ಆಮೇಲೆ ಸೋಪು ಹಾಕಿ. ನೀಲಿ ಹಾಕುವುದು ಬೂದು ಮುಚ್ಚಲು ಅಷ್ಟೇ, ತೆಗೆಯಲು ಅಲ್ಲ.

ಜೋಗಿಮಟ್ಟಿ (ಚಿತ್ರದುರ್ಗ)

ಯಾರೂ ಮುಟ್ಟದ್ದು ಅನ್ನುವ ಭಾವಕ್ಕೆ ಪ್ರವಾಸದ ಬರಹಗಳಲ್ಲಿ ‘ಕನ್ಯಾ ಅರಣ್ಯ’, ‘ಅಸ್ಪರ್ಶಿತ ನಿಸರ್ಗ’ ಅಂತ ಬರೆಯುವವರಿಗೂ ಒಂದು ಮಾತು ಹೇಳಿ. ಕೊಡಲಿ ಬೀಳದ ಕಾಡು, ನೇಗಿಲು ತಾಕದ ನೆಲ ಅಂದರೆ ಏನು ಕೊರತೆ?

ಚೀಟಿಬರಹ (ದಾವಣಗೆರೆ)

ಎಲ್ಲರ ಮಾತು ಸೇರಿಸಿ ತಿದ್ದಿದ ಕರಡು:

ಗಾಣದಲ್ಲಿ ತೆಗೆದು ಸೋಸಿದ ಶೇಂಗಾ ಎಣ್ಣೆ
ತೊಳೆದ ಬೆಣ್ಣೆ
ಅಪ್ಪಟ ತುಪ್ಪ
ಹಸನು ಮಾಡಿದ ರಾಗಿ
ಹಸನಾದ, ಸ್ವಚ್ಚ ನವಣೆ ಅಕ್ಕಿ
ಗರಿಗರಿ ಮಂಡಕ್ಕಿ
ಶುಚಿಯಾಗಿ ತಯಾರಿಸಿದ ಶೇಂಗಾ ಚಟ್ನಿಪುಡಿ

ಮಳಿಗೆಯ ಫಲಕಕ್ಕೆ ‘ಶುದ್ದ ಆಹಾರ, ಶುಬ್ರ ಪರಿಸರ’ ಅಂತ ಯಾರೋ ಸೂಚಿಸಿದ್ದಾರೆ.

ಒತ್ತಕ್ಷರ (ಚಿತ್ರದುರ್ಗ)

ಅಚ್ಚಿಗೆ ಕಳಿಸುವ ಮುಂಚೆ ಮೂರು ಕಾಗುಣಿತ ತಿದ್ದಿ. ‘ಸ್ವಚ್ಚ’ ಅಲ್ಲ, ಸ್ವಚ್ಛ: ಚ-ಕ್ಕೆ ಛ ಒತ್ತು. ‘ಶುದ್ದ’ ಅಲ್ಲ, ಶುದ್ಧ: ದ-ಕ್ಕೆ ಧ ಒತ್ತು. ‘ಶುಬ್ರ’ ಅಲ್ಲ, ಶುಭ್ರ. ಊರ ತುಂಬ ಫಲಕಗಳಲ್ಲಿ ಈ ಮೂರೂ ತಪ್ಪಾಗಿಯೇ ಇವೆ. ದ ಮತ್ತು ಧ ಒತ್ತಿಗೆ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು ಮಾತ್ರ. ಚಿಕ್ಕ ಅಕ್ಷರದಲ್ಲಿ ಮಸಿ ಹರಡಿ ಆ ಸೀಳು ಮುಚ್ಚಿಹೋಗುತ್ತದೆ. ಒತ್ತಕ್ಷರದ ಎತ್ತರವೇ 2 ಮಿ.ಮೀ. ಇರಲಿ, ದಪ್ಪ ಅಕ್ಷರವಿನ್ಯಾಸ ಬೇಡ. ಹಳೆಯ ‘ನುಡಿ’ ತಂತ್ರಾಂಶದ ಕಡತದಿಂದ ಯೂನಿಕೋಡಿಗೆ ತಂದಿದ್ದರೆ ಒತ್ತುಗಳನ್ನು ಒಂದೊಂದಾಗಿ ನೋಡಿ, ಪರಿವರ್ತನೆಯಲ್ಲಿ ಕೆಡುವುದು ಅವೇ.

ಇನ್ನು ‘ಹಸನಾದ, ಸ್ವಚ್ಛ’ ಎರಡೂ ಒಟ್ಟಿಗೆ ಬೇಡ, ನವಣೆಗೂ ‘ಹಸನು ಮಾಡಿದ’ ಅಂತಲೇ ಇರಲಿ. ‘ಶುಭ್ರ ಪರಿಸರ’ವೂ ಹೊಂದುವುದಿಲ್ಲ. ಪರಿಸರ ಸ್ವಚ್ಛ, ಬಟ್ಟೆ ಶುಭ್ರ.

ಪರವಾನಗಿ (ದಾವಣಗೆರೆ)

ಫಲಕದ ‘ಶುದ್ಧ ಆಹಾರ’ವನ್ನೂ ಬಿಡಿ. ಅದರ ಕೆಳಗೇ ಚಟ್ನಿಪುಡಿ ಇಟ್ಟು ಮಾರುತ್ತೀರಿ. ತುಪ್ಪದ ‘ಅಪ್ಪಟ’ ಇರಲಿ, ಆದರೆ ಇಂಗ್ಲಿಷ್ ಮಗ್ಗುಲಲ್ಲೂ ಅದೇ ಅರ್ಥದ ಪದ ಬರಬೇಕು, ಬರೀ ತುಪ್ಪ ಅಂತ ಬಿಡಬೇಡಿ. ಒಂದೊಂದು ಸಲ ಕಾಯಿಸಿದ ತಂಡದ (ಬ್ಯಾಚ್) ತುಪ್ಪದಿಂದ 200 ಗ್ರಾಂ ಬೇರೆ ಡಬ್ಬಿಯಲ್ಲಿ ತಂಡದ ಸಂಖ್ಯೆ ಬರೆದು ಎತ್ತಿಡಿ. ಯಾರಾದರೂ ತಕರಾರು ತೆಗೆದರೆ ಪ್ರಯೋಗಾಲಯಕ್ಕೆ ಕಳಿಸಲು ಅದೇ ಬೇಕಾಗುತ್ತದೆ.

ಗಾಣದಕಟ್ಟೆ (ಚಳ್ಳಕೆರೆ)

ಎಣ್ಣೆದೂ ಎತ್ತಿಡ್ರಿ, ಕತ್ತಲೆ ಜಾಗದಲ್ಲಿ, ಕುತ್ತಿಗೆ ತನಕ ತುಂಬಿ. ಅರ್ಧ ಬಾಟ್ಲಿ ಇಟ್ರೆ ಒಳಗಿನ ಗಾಳಿಗೇ ಕಮಟಾಗಿ, ನಿಮ್ಮ ಮಾದರಿಯೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತೆ.